ಬತ್ತಲೆ ದೇಹ ಮತ್ತು ಆತ್ಮಗೌರವ: ಎರಡು ಮಾನದಂಡಗಳು

ಮಧ್ಯಕಾಲೀನ ಕರ್ನಾಟಕದಲ್ಲಿ ಬತ್ತಲೆ ದೇಹಕ್ಕೆ ಸಂದ ಗೌರವವು ಪುರುಷನಿಗೊಂದು, ಸ್ತ್ರೀಗೊಂದು ಬಗೆಯದಾಗಿತ್ತು. ಚಾವುಂಡರಾಯನು 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಮಾಡಿಸಿದ, ಸುಮಾರು 58 ಅಡಿ ಎತ್ತರದ ಗೊಮ್ಮಟನಲ್ಲಿ ನಗ್ನತೆಯೇ ಆತ್ಮಜಯದ ಮುದ್ರೆ. ಆ ಸಂಪ್ರದಾಯದೊಳಗೆ ಅದಕ್ಕೆ ಸಮರ್ಥನೆ ಬೇಕಿರಲಿಲ್ಲ.

ಸ್ತ್ರೀಗಾದರೋ ವಸ್ತ್ರತ್ಯಾಗ ಸಲ್ಲದು, ಆದುದರಿಂದ ಆ ದೇಹದಲ್ಲಿ ಮೋಕ್ಷವಿಲ್ಲ ಎಂಬುದು ದಿಗಂಬರರ ನಿಲುವು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ವೈಯಾಕರಣ ಶಾಕಟಾಯನನು 9ನೆಯ ಶತಮಾನದಲ್ಲಿಯೇ 'ಸ್ತ್ರೀನಿರ್ವಾಣಪ್ರಕರಣ'ವನ್ನು ರಚಿಸಿ ಇದನ್ನು ಅಲ್ಲಗಳೆದಿದ್ದನು. ಆದರೆ ಅದು ಸ್ತ್ರೀಯ ಪರವಾಗಿ ಪುರುಷನು ಹೂಡಿದ ವಾದ.

ಸ್ತ್ರೀಯೇ ಉತ್ತರಿಸುವುದನ್ನು ನಾವು ಕಾಣುವುದು ಶರಣ ಪರಂಪರೆಯಲ್ಲಿ, 12ನೆಯ ಶತಮಾನದ ಅಕ್ಕಮಹಾದೇವಿಯಲ್ಲಿ. ಲಜ್ಜೆ ಅಳಿದಿದ್ದರೆ ಕೇಶದ ಮರೆ ಏಕೆಂದು ಶೂನ್ಯಸಂಪಾದನೆಯಲ್ಲಿ ಅಲ್ಲಮನು ಪ್ರಶ್ನಿಸುತ್ತಾನೆ. ಆ ಮರೆ ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬುದು ಆಕೆಯ ಉತ್ತರದ ಸಾರ. ಲಜ್ಜೆಯ ಹೊರೆಯನ್ನು ಆಕೆ ತನ್ನ ದೇಹದಿಂದ ಅನ್ಯರ ನೋಟಕ್ಕೆ ವರ್ಗಾಯಿಸುತ್ತಾಳೆ; ಆಕೆಯ ಆತ್ಮಗೌರವದ ನೆಲೆ ಇದು.

ಆದರೆ ಈ ಸಂವಾದದ ಚೌಕಟ್ಟು 15ನೆಯ ಶತಮಾನದ ಸಂಕಲನಕಾರರದು. ಮೂರು ಶತಮಾನಗಳ ಬಳಿಕವೂ ಆ ದೇಹವು ವಿಚಾರಣೆಗೆ ಒಳಪಟ್ಟಿತ್ತೆಂಬುದಕ್ಕೆ ಅದೇ ಸಾಕ್ಷಿ. ಆದುದರಿಂದ ಸಂಶೋಧಕರು ವಚನವನ್ನೂ ಅದರ ಚೌಕಟ್ಟನ್ನೂ ಬೇರ್ಪಡಿಸಿ ಓದುವುದು ಅವಶ್ಯ.