ಏರು ದಾರಿಯಲ್ಲಿ ಸೋರುವ ಗಾಳಿ

ಯಳಂದೂರು ತಾಲ್ಲೂಕಿನ ಅಗರದ ಸುತ್ತಲಿನ ನೆಲ ಬಹುಮಟ್ಟಿಗೆ ಸಮತಟ್ಟು. ಸುವರ್ಣಾವತಿಯ ನೀರುಂಡ ಗದ್ದೆ ಬಯಲಿನ ನಡುವೆ ಹೊರಟ ಲಾರಿ ಲೋಡು ಹೊತ್ತಿದ್ದರೂ ತನ್ನ ಕಾಯಿಲೆಯನ್ನು ಹೊರಗೆ ತೋರಿಸುವುದಿಲ್ಲ. ಅದೇ ಲಾರಿ ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ಬುಡಕ್ಕೆ ಬಂದರೆ ಎಲ್ಲವೂ ಬಯಲಾಗುತ್ತದೆ. ಅಲ್ಲಿಂದ 3,000 ಅಡಿಗೂ ಎತ್ತರದಲ್ಲಿರುವ ಮಲೆ ಮಹದೇಶ್ವರ ಬೆಟ್ಟದವರೆಗೆ ತಿರುವಿನ ಮೇಲೆ ತಿರುವು. ‘ಗಾಡಿ ಎಳೀತಿಲ್ಲ ಕನಣ್ಣ, ಬರೀ ಕರಿ ಹೊಗೆ’ ಎಂಬುದು ಮೇಸ್ತ್ರಿಯ ಮುಂದೆ ಡ್ರೈವರ್ ಇಡುವ ಮಾಮೂಲಿ ದೂರು. ಟರ್ಬೊ ಇರುವ ಗಾಡಿಯಾದರೆ ಈ ದೂರಿಗೆ ಬಹಳ ಸಲ ಕಾರಣವಾಗಿರುವುದು ಎಂಜಿನ್ನಿಗೆ ತಲುಪಬೇಕಾದ ಗಾಳಿ ನಡುದಾರಿಯಲ್ಲೇ ಸೋರಿಹೋಗುವುದು.

ಈ ಸೀಮೆಯಲ್ಲಿ ದಾರಿಗೂ ಗಡಿಗೂ ಹಳೆಯ ನಂಟು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಂದ ಜಹಗೀರು, ಮೈಸೂರಿನ ನೆಲ. ಪಕ್ಕದ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಎರಡೂ ಹೊಸ ಚಾಮರಾಜನಗರ ಜಿಲ್ಲೆಯ ಭಾಗವಾದವು. ಆಡಳಿತ ಬದಲಾದರೂ ಕೊಯಮತ್ತೂರಿನ ಕಡೆಗಿನ ವ್ಯಾಪಾರ ನಿಲ್ಲಲಿಲ್ಲ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಚಾಮರಾಜನಗರದ ಮೂಲಕ ಸತ್ಯಮಂಗಲಕ್ಕೆ ಇಳಿಯುವ ರಸ್ತೆ ರಾಷ್ಟ್ರೀಯ ಹೆದ್ದಾರಿ 209 ಆಗಿ, ಈಗ 948 ಆಗಿದೆ. ಆ ಕಡೆಯಿಂದ ಲೋಡು ತುಂಬಿ ಬರುವ ಲಾರಿ ಬಣ್ಣಾರಿಯಿಂದ ದಿಂಬಂವರೆಗೆ 27 ಹಿಮ್ಮುರಿ ತಿರುವುಗಳನ್ನು ಹತ್ತಬೇಕು. ಚಾಮರಾಜನಗರದ ಕರಿಕಲ್ಲಿನ ದಿಮ್ಮಿ ಹೊತ್ತು ಹೋಗುವ ಗಾಡಿಗಳು, ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಗಾಡಿಗಳೂ ಸೇರಿದರೆ ಇಲ್ಲಿನ ಮೇಸ್ತ್ರಿಗಳಿಗೆ ಕೆಲಸ ಕಡಿಮೆಯಾಗುವ ಮಾತೇ ಇಲ್ಲ.

ಮೊದಲ ತಲೆಮಾರಿನ ಡೀಸೆಲ್ ಲಾರಿಗಳಿಗೆ ಗಾಳಿ ಸೋರುವ ಈ ಕಾಯಿಲೆಯೇ ಇರಲಿಲ್ಲ. 1954ರಲ್ಲಿ ಟಾಟಾದ ಕಂಪನಿ ಟೆಲ್ಕೊ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ತಯಾರಿಸತೊಡಗಿತು. 1969ರಲ್ಲಿ ಆ ಒಪ್ಪಂದ ಮುಗಿದು, ಮೂತಿಯ ಮೇಲಿದ್ದ ಬೆಂಜ್ ನಕ್ಷತ್ರದ ಜಾಗಕ್ಕೆ ಟಾಟಾದ ‘ಟಿ’ ಬಂತು. ಆ ಎಂಜಿನ್ನುಗಳು ಗಾಳಿಯನ್ನು ತಾವಾಗಿಯೇ ಎಳೆದುಕೊಳ್ಳುತ್ತಿದ್ದವು. ಗಾಡಿ ಎಳೆಯದಿದ್ದರೆ ನೋಡಬೇಕಾದದ್ದು ನಾಜಲ್, ಪಂಪು, ವಾಲ್ವು, ಪಿಸ್ಟನ್ ರಿಂಗು, ಹೆಚ್ಚೆಂದರೆ ಕಸ ಕಟ್ಟಿದ ಏರ್ ಫಿಲ್ಟರ್. ಬೆಟ್ಟ ಹತ್ತುವಾಗ ಶಕ್ತಿ ಕುಂದುವುದನ್ನು ಎಲ್ಲರೂ ಸಹಜವೆಂದೇ ಒಪ್ಪಿಕೊಂಡಿದ್ದರು. ಪ್ರತಿ 1,000 ಅಡಿ ಏರಿದಂತೆ ಇಂಥ ಎಂಜಿನ್ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮೇಲೆ ಹೋದಷ್ಟೂ ಗಾಳಿ ತೆಳು.

ಆ ತೆಳು ಗಾಳಿಗೆ ಮದ್ದು ಈ ಲಾರಿಗಳಿಗೂ ಅರ್ಧ ಶತಮಾನ ಮೊದಲೇ ಸಿಕ್ಕಿತ್ತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪೇಟೆಂಟ್ ಪಡೆದ. ಸೈಲೆನ್ಸರಿನಿಂದ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು ಅವನ ಯೋಚನೆ. 1920ರ ದಶಕದ ನಡುವಿನಲ್ಲಿ ಜರ್ಮನಿಯ ‘ಪ್ರೊಯ್ಸೆನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಜಿಗ್’ ಹಡಗುಗಳಲ್ಲಿ ಅದು ಫಲ ಕೊಟ್ಟಿತು: 1,750 ಅಶ್ವಶಕ್ತಿಯ ಎಂಜಿನ್ 2,500 ಮುಟ್ಟಿತು. 1938ರಲ್ಲಿ ಸ್ವಿಸ್ ಕಂಪನಿ ಸೌರರ್ ಅದನ್ನು ಲಾರಿಗೆ ತಂದಿತು. ಆಲ್ಪ್ಸ್ ಪರ್ವತದ ದಾರಿಗಳಿರುವ ನಾಡಿನಲ್ಲೇ ಟರ್ಬೊ ಲಾರಿ ಹುಟ್ಟಿದ್ದು ಘಾಟಿಯ ಡ್ರೈವರುಗಳಿಗೆ ಅಚ್ಚರಿಯೆನಿಸದು.

ನಮ್ಮ ರಸ್ತೆಗಳಲ್ಲಿ ಟರ್ಬೊ ಲಾರಿ ಹರಡಲು ಬಹಳ ಕಾಲ ಹಿಡಿಯಿತು. 1993ರಲ್ಲಿ ಟಾಟಾ ಮತ್ತು ಅಮೆರಿಕದ ಕಮಿನ್ಸ್ ಸೇರಿ ಕಟ್ಟಿದ ಕಂಪನಿ ಜಮ್‌ಷೆಡ್‌ಪುರದಲ್ಲಿ ಟರ್ಬೊ ಎಂಜಿನ್ ತಯಾರಿಕೆಗೆ ಇಳಿಯಿತು. ಲಾರಿಯ ಮೇಲೆ ‘2515 ಟಿಸಿ’ ಎಂಬ ಬರಹ ಕಾಣತೊಡಗಿತು: 25 ಟನ್ ಒಟ್ಟು ತೂಕ, 150ರ ಆಸುಪಾಸಿನ ಅಶ್ವಶಕ್ತಿ, ಕೊನೆಯ ಎರಡಕ್ಷರ ಟರ್ಬೊಗೆ. ಹೊಗೆಯ ಮೇಲಿನ ಸರ್ಕಾರಿ ಮಿತಿ 2000ದಿಂದ ಹಂತಹಂತವಾಗಿ ಬಿಗಿಯಾದಾಗ ಟರ್ಬೊ ಇಲ್ಲದ ದೊಡ್ಡ ಲಾರಿಗೆ ಜಾಗವೇ ಇಲ್ಲವಾಯಿತು. ಜೊತೆಗೆ ಬಂದದ್ದು ಇಂಟರ್‌ಕೂಲರ್. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ. ಅದನ್ನು ತಣಿಸಿದರೆ ಸಿಲಿಂಡರಿನಲ್ಲಿ ಹೆಚ್ಚು ಹಿಡಿಯುತ್ತದೆ. ಆದರೆ ಟರ್ಬೊದಿಂದ ಮುಂದಿನ ಇಂಟರ್‌ಕೂಲರಿಗೆ, ಅಲ್ಲಿಂದ ಮರಳಿ ಎಂಜಿನ್ನಿಗೆ ಎಂದು ಹೋಸು, ಕ್ಲಿಪ್ಪುಗಳ ಉದ್ದದ ದಾರಿಯೊಂದು ಹೊಸದಾಗಿ ಸೇರಿಕೊಂಡಿತು. ಸೋರುವ ಜಾಗಗಳು ಹೆಚ್ಚಿದ್ದು ಹೀಗೆ.

ಸೋರಿಕೆ ಮಾಡುವ ಹಾನಿ ಸಣ್ಣದಲ್ಲ. ಗಾಳಿ ಕಡಿಮೆಯಾದರೆ ಸುರಿದ ಡೀಸೆಲ್ ಪೂರ್ತಿ ಉರಿಯದೆ ಕರಿ ಹೊಗೆಯಾಗುತ್ತದೆ, ಸೈಲೆನ್ಸರಿನ ಕಡೆಯ ಬಿಸಿ ಏರುತ್ತದೆ, ಕಳೆದದ್ದನ್ನು ತುಂಬಿಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ದಂಡದ ಬೇರಿಂಗಿಗೆ ಇದು ಒಳ್ಳೆಯದಲ್ಲ. ಟರ್ಬೊಗೆ ಮೊದಲಿನ ಪೈಪಿನಲ್ಲಿ ಬಿರುಕಿದ್ದರಂತೂ ಗಾಳಿ ಹೊರಹೋಗುವ ಬದಲು ದೂಳು ಒಳಬರುತ್ತದೆ, ಚಕ್ರದ ರೆಕ್ಕೆಗಳನ್ನು ಸವೆಸುತ್ತದೆ. ಕಲ್ಲು ಕ್ವಾರಿಯ ದಾರಿಯಲ್ಲಿ ಓಡಾಡುವ ಗಾಡಿಗೆ ಇದಕ್ಕಿಂತ ಕೆಟ್ಟದ್ದಿಲ್ಲ.

ಹೊಗೆಯೇ ಇಲ್ಲದ ಸೋರಿಕೆಯೂ ಉಂಟು. ಕಂಪ್ಯೂಟರ್ ಬರುವ ಮುಂಚಿನ ಅನೇಕ ಟರ್ಬೊ ಎಂಜಿನ್ನುಗಳಲ್ಲಿ ಇನ್‌ಲೆಟ್ ಮ್ಯಾನಿಫೋಲ್ಡಿನಿಂದ ಡೀಸೆಲ್ ಪಂಪಿಗೆ ಒಂದು ಸಣ್ಣ ಟ್ಯೂಬು ಹೋಗುತ್ತದೆ. ಗಾಳಿಯ ಒತ್ತಡ ಏರಿದೆ, ಡೀಸೆಲ್ ಹೆಚ್ಚಿಸು ಎಂದು ಪಂಪಿಗೆ ತಿಳಿಸುವುದು ಅದೇ. ಆ ಟ್ಯೂಬು ಬಿರುಕುಬಿಟ್ಟರೆ ಪಂಪಿಗೆ ಸುದ್ದಿ ಮುಟ್ಟುವುದಿಲ್ಲ; ಹೊಗೆ ಶುದ್ಧ, ಟರ್ಬೊ ಸರಿ, ಗಾಡಿ ಮಾತ್ರ ಏರುವುದಿಲ್ಲ. ಹಳೆಯ ಲಾರಿಯ ಅನುಭವವಷ್ಟೇ ಇದ್ದವರು ಇಲ್ಲಿ ಪಂಪನ್ನೇ ಬಿಚ್ಚುತ್ತಿದ್ದರೆ ಅದು ಅವರ ತಪ್ಪಲ್ಲ, ಅವರಿಗೆ ಕಲಿಸಿದವರು ಯಾರೂ ಇರಲಿಲ್ಲ.

ಪತ್ತೆಯ ಉಪಾಯ ಮಾತ್ರ ಕಂಪನಿಗಳ ಪುಸ್ತಕಕ್ಕಿಂತ ಹಳೆಯದು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ನೋಡುತ್ತಾರೆ; ನೀರಿಗೆ ಅದ್ದಲಾಗದ ಕೀಲಿಗೆ ಸೋಪಿನ ನೀರು ಬಳಿಯುತ್ತಾರೆ. ಬ್ರೇಕಿನ ಗಾಳಿ ಪೈಪುಗಳನ್ನು ಹಾಗೆ ನೋಡಿ ಪಳಗಿದ ಕೈಗಳಿಗೆ ಟರ್ಬೊ ಪೈಪು ಹೊಸತೇನಲ್ಲ. ಎಂಜಿನ್ ನಿಲ್ಲಿಸಿ, ಏರ್ ಫಿಲ್ಟರಿನ ಪೈಪು ಕಳಚಿ, ಟರ್ಬೊ ಬಾಯಿಗೆ ಬಿಗಿಯಾದ ಮುಚ್ಚಳ ಹಾಕಿ, ರೆಗ್ಯುಲೇಟರ್ ಮೂಲಕ ಗಾಳಿ ಬಿಡಬೇಕು. ಕಂಪನಿ ಹೇಳಿದ ಬೂಸ್ಟ್ ಒತ್ತಡವನ್ನು, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡವನ್ನು, ಮೀರಬಾರದು. ಮೀರಿದರೆ ಮುಚ್ಚಳ ಸಿಡಿದು ಎದುರಿಗಿದ್ದವರಿಗೆ ಬಡಿಯಬಹುದು. ಆಮೇಲೆ ಪ್ರತಿ ಕ್ಲಿಪ್ಪು, ಹೋಸಿನ ಮಡಿಕೆ, ಇಂಟರ್‌ಕೂಲರಿನ ಡಬ್ಬಿ ಮತ್ತು ಜಾಲಿ ಸೇರುವ ಅಂಚುಗಳಿಗೆ ಸೋಪಿನ ನೀರು ಸಿಂಪಡಿಸಿದರೆ ಸೋರುವ ಕಡೆ ನೊರೆ ಏಳುತ್ತದೆ. ತೆರೆದಿರುವ ವಾಲ್ವಿನ ದಾರಿಯಿಂದ ಸ್ವಲ್ಪ ಗಾಳಿ ಹೋಗುವುದು ಸಹಜ, ಅದನ್ನು ಸೋರಿಕೆಯೆಂದು ಹಿಡಿಯಬಾರದು. ಕಣ್ಣಿಗೆ ಸಿಗುವ ಇನ್ನೊಂದು ಸುಳಿವು ಎಣ್ಣೆ ಕಲೆ: ಟರ್ಬೊ ಹಾದ ಗಾಳಿಯಲ್ಲಿ ತುಸು ಎಣ್ಣೆ ಆವಿ ಇರುತ್ತದೆ, ಅದು ಸೋರಿದ ಕೀಲಿನ ಸುತ್ತ ದೂಳು ಹಿಡಿದು ಕಪ್ಪಾಗುತ್ತದೆ. ಲೋಡಿನಲ್ಲಿ ಕೇಳುವ ಸಿಳ್ಳೆಯೂ ಸುಳಿವೇ. ಆದರೆ ಹೋಸಿನ ಬಿರುಕು ಒತ್ತಡ ಬಿದ್ದಾಗಷ್ಟೇ ಬಾಯಿ ಬಿಡುವುದರಿಂದ, ಅಂಗಡಿ ಮುಂದೆ ನಿಂತ ಗಾಡಿಯಲ್ಲಿ ಅದು ಕೇಳಿಸದು. ತಾಳಬೆಟ್ಟದ ಏರಿನಲ್ಲಿ ಕಾಣಿಸಿಕೊಂಡ ದೋಷ ಕೊಳ್ಳೇಗಾಲಕ್ಕೆ ಬರುವಷ್ಟರಲ್ಲಿ ಮಾಯವಾಗುವುದು ಇದರಿಂದಲೇ.

ಇಷ್ಟು ಸರಳವಾದ ಪರೀಕ್ಷೆ ಬಿಟ್ಟು ಟರ್ಬೊವನ್ನೇ ಬದಲಿಸಿದರೆ ಮಾಲೀಕನಿಗೆ ಬೀಳುವ ಪೆಟ್ಟು ದೊಡ್ಡದು. ಒಂದೇ ಗಾಡಿ ಇಟ್ಟುಕೊಂಡು ಕಂತು ಕಟ್ಟುವವನಿಗೆ ಒಂದು ಹೋಸು, ಎರಡು ಕ್ಲಿಪ್ಪಿನ ಖರ್ಚಿಗೂ ಹೊಸ ಟರ್ಬೊ ಬೆಲೆಗೂ ಇರುವ ಅಂತರ ತಿಂಗಳುಗಳ ದುಡಿಮೆ. ಸೋಪಿನ ನೀರಿನ ಪರೀಕ್ಷೆ ಮುಗಿಯದೆ ಸ್ಪ್ಯಾನರ್ ಹಿಡಿಯಬಾರದೆಂಬ ಶಿಸ್ತು ಪ್ರತಿ ಗ್ಯಾರೇಜಿನಲ್ಲೂ ಇರಬೇಕು.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಹೊಗೆ ಮಿತಿಯ ಲಾರಿಗಳು ಹಳೆಯ ಸುಳಿವೊಂದನ್ನು ಅಳಿಸಿಹಾಕಿವೆ. ಅವುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಗಾಳಿ ಸೋರಿದರೂ ಕರಿ ಹೊಗೆ ಹೊರಗೆ ಕಾಣುವುದಿಲ್ಲ, ಮಸಿಯೆಲ್ಲ ಒಳಗೇ ಕಟ್ಟಿಕೊಳ್ಳುತ್ತದೆ. ಅದನ್ನು ಸುಡಲು ಗಾಡಿ ಮತ್ತೆ ಮತ್ತೆ ಡೀಸೆಲ್ ಖರ್ಚು ಮಾಡುತ್ತದೆ. ಬೂಸ್ಟ್ ಕಡಿಮೆಯೆಂದು ಸೆನ್ಸರ್ ಹೇಳಿ ದೀಪ ಹೊತ್ತಿಸುತ್ತದೆ, ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ. ಯಾವ ಕ್ಲಿಪ್ಪು ಸಡಿಲ, ಯಾವ ಹೋಸು ಸೀಳಿದೆ ಎಂಬುದನ್ನು ಸ್ಕ್ಯಾನರ್ ಹೇಳುವುದಿಲ್ಲ. ಅದಕ್ಕೆ ಈಗಲೂ ಕಂಪ್ರೆಸರಿನ ಗಾಳಿ ಬಿಟ್ಟು ಸೋಪಿನ ನೀರು ಸಿಂಪಡಿಸಿಯೇ ನೋಡಬೇಕು.