769 ಬಾಬುಗಳ ಪಟ್ಟಿ

ಗಗನಚುಕ್ಕಿಯನ್ನು ನೋಡಲೆಂದು ಮಳವಳ್ಳಿ ತಾಲ್ಲೂಕಿಗೆ ಹೋದವರು ಅದರ ಸಮೀಪದ ಬೆಳಕವಾಡಿಯ ಹೆಸರನ್ನು ಕೇಳಿಯೇ ಇರುತ್ತೀರಿ. ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ಯರಿಂದ ಆ ಹೆಸರು ಸಂಗೀತಪ್ರಿಯರಿಗೂ ಪರಿಚಿತವಾದುದು. ಇಂದು ನಾನು ನಿಮ್ಮನ್ನು ಅಲ್ಲಿಗೆ ಕರೆಯುತ್ತಿರುವುದು ಜಲಪಾತಕ್ಕಾಗಿಯೂ ಅಲ್ಲ, ಸಂಗೀತಕ್ಕಾಗಿಯೂ ಅಲ್ಲ, ಶಾನುಭೋಗರ ಕಡತಕ್ಕಾಗಿ. ಶ್ರೀಮಠದಲ್ಲಿ ಓದಿ ಮುಂದೆ ಸರ್ಕಾರದ ಕಂದಾಯ ಹಾಗೂ ವಾಣಿಜ್ಯ ತೆರಿಗೆ ಇಲಾಖೆಗಳನ್ನು ಸೇರಿದವರು ಈ ಪತ್ರಿಕೆಯ ಓದುಗರಲ್ಲಿಯೂ ಇರಬಹುದು. ತೆರಿಗೆಯನ್ನು ವಸೂಲು ಮಾಡುವುದು ಒಂದು ಕೆಲಸ. ತೆರಿಗೆಯನ್ನು ತೂಗಿ ನೋಡುವುದು ಇನ್ನೊಂದು. ಎರಡನೆಯದರ ಚರಿತ್ರೆಯನ್ನು ನಾವು ಅಷ್ಟಾಗಿ ಓದಿಲ್ಲ.

ಲೆಕ್ಕದ ಕಸುಬು ನಮಗೆ ಹೊರಗಿನದಲ್ಲ. ಅಣ್ಣ ಬಸವಣ್ಣನವರು ಮೊದಲು ಕರಣಿಕರಾಗಿ, ಅನಂತರ ಬಿಜ್ಜಳನ ಭಂಡಾರಿಯಾದರೆಂಬುದು ಸಂಪ್ರದಾಯ. ಶರಣರ ಗಣದಲ್ಲಿ ಸುಂಕದ ಬಂಕಣ್ಣನವರೂ ಒಬ್ಬರು. ಕಾಯಕವೇ ಅವರ ಹೆಸರಾಗಿ ಉಳಿಯಿತು.

ಈಗ ಮೈಸೂರು ಸಂಸ್ಥಾನದ ಕಾಲಕ್ಕೆ ಬರೋಣ. 1799ರ ಕೌಲಿನ ಪ್ರಕಾರ ಸಂಸ್ಥಾನವು ಇಂಗ್ಲಿಷರಿಗೆ ವರ್ಷಂಪ್ರತಿ 7 ಲಕ್ಷ ವರಹಗಳನ್ನು ಸಲ್ಲಿಸಬೇಕಾಗಿದ್ದಿತು. ಮಳೆ ಹೋದರೂ ಈ ಪೊಗದಿ ನಿಲ್ಲುವಂತಿರಲಿಲ್ಲ. ಪೂರ್ಣಯ್ಯನವರು 1811ರಲ್ಲಿ ದಿವಾನಗಿರಿಯನ್ನು ಬಿಟ್ಟ ಮೇಲೆ ‘ಶರ್ತಿ’ ಎಂಬ ಪದ್ಧತಿ ಬಲಗೊಂಡಿತು. ಅಮಲ್ದಾರನು ಇಂತಿಷ್ಟು ಹಣ ತರುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. ಕಡಮೆಯಾದರೆ ತಾನೇ ತುಂಬಬೇಕು. ಹೆಚ್ಚಾದರೆ ಆ ಹೆಚ್ಚಳವೂ ಸರ್ಕಾರದ್ದು. ಒಪ್ಪಿಕೊಳ್ಳುವ ಮೊತ್ತವಾದರೋ ಸಾಮಾನ್ಯವಾಗಿ ಹಿಂದಿನ ವರ್ಷದ್ದಕ್ಕಿಂತ ಹೆಚ್ಚಿನದೇ. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ ಎಂಬ ಮಾತೂ ಅದೇ ಮುಚ್ಚಳಿಕೆಯಲ್ಲಿ ಇರುತ್ತಿದ್ದಿತು! ಅದನ್ನು ಮೀರಿದನೆಂದು ದೂರು ಹೋದರೆ ಕೇಳುವವರಿರಲಿಲ್ಲ. ಹೀಗಿರುವಾಗ ಅಮಲ್ದಾರನು ಮಾಡುವುದೇನು? ಹಳೆಯ ಬಾಬುಗಳನ್ನು ಹಿಂಡುವುದು, ಇಲ್ಲದ ಬಾಬುಗಳನ್ನು ಹುಟ್ಟಿಸುವುದು. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. 1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡರು. ದಂಗೆಯ ಕಾರಣಗಳನ್ನು ವಿಚಾರಿಸಲು ನಾಲ್ವರ ಸಮಿತಿಯೊಂದು ನೇಮಕವಾಗಿ 1833ರ ಡಿಸೆಂಬರಿನಲ್ಲಿ ವರದಿಯನ್ನು ಒಪ್ಪಿಸಿತು. ಆ ನಾಲ್ವರಲ್ಲಿ ಒಬ್ಬನಾದ ಮಾರ್ಕ್ ಕಬ್ಬನ್ನನೇ 1834ರಿಂದ 1861ರವರೆಗೆ ಕಮಿಷನರನಾಗಿದ್ದನು.

ಅವನ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ಈ ಅಂಕಿಯನ್ನು ಓದಿ ಸುಮ್ಮನೆ ಮುಂದೆ ಹೋಗಬೇಡಿರಿ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ಮತ್ತೊಂದು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ಬೀಸುತ್ತ ನಡೆದವನು ಹಣ ಕೊಡಬೇಕಾಗಿದ್ದಿತು. ಒಂದು ಗ್ರಾಮದವರಂತೂ, ಯಾವನೋ ಹಳೆಯ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆಮಾರುಗಳಿಂದ ದಂಡ ತೆರುತ್ತಿದ್ದರು. ಕುದುರೆ ಸತ್ತು, ಪಾಳೆಯಗಾರನೂ ಸತ್ತು, ಬಾಬು ಮಾತ್ರ ಬದುಕಿದ್ದಿತು! ಇವು ಕಟ್ಟುಕಥೆಗಳಲ್ಲ, ಸರ್ಕಾರದ ದಫ್ತರದಲ್ಲಿಯೇ ನ್ಯಾಯವಾದ ಉತ್ಪತ್ತಿಯೆಂದು ದಾಖಲಾಗಿದ್ದವು.

ಚರಿತ್ರೆಕಾರರು ಇದರ ಕೀರ್ತಿಯನ್ನೆಲ್ಲ ಕಬ್ಬನ್ನನಿಗೆ ಕೊಡುವುದುಂಟು. ಕೊಡಲಿ, ಅವನು ಅರ್ಹನೇ. ಆದರೆ ರದ್ದು ಮಾಡುವ ಮುನ್ನ ಎಣಿಸಬೇಕಲ್ಲವೇ? ಕಮಿಷನರನು ಊರೂರು ತಿರುಗಿ ಎಣಿಸಲಾರನು. ಅಂದಿನ ಸರ್ಕಾರಿ ಲೆಕ್ಕ ನಡೆಯುತ್ತಿದ್ದುದು ಕನ್ನಡ ಮತ್ತು ಮರಾಠಿಗಳಲ್ಲಿ. ಗ್ರಾಮದ ಲೆಕ್ಕವಿದ್ದುದು ಶಾನುಭೋಗರ ಬಳಿ, ತಾಲ್ಲೂಕಿನ ಲೆಕ್ಕವಿದ್ದುದು ಶಿರಸ್ತೇದಾರರ ಬಳಿ. ಯಾವ ಬಾಬಿನಿಂದ ಬೊಕ್ಕಸಕ್ಕೆ ಬರುವುದೆಷ್ಟು, ನಡುವೆ ಸೋರುವುದೆಷ್ಟು, ಕೊಡುವವನಿಗೆ ಆಗುವ ಕಿರುಕುಳವೆಷ್ಟು ಎಂದು ತಿಳಿದವರು ಅವರೇ. ಆ ತಿಳಿವಳಿಕೆಯಿಂದ ತಾವೇ ಬೆಳೆದವರೂ ಅವರಲ್ಲಿದ್ದರೆಂಬುದನ್ನು ನಾನು ಮರೆಮಾಚುವುದಿಲ್ಲ. ಅವರು ಬರೆದ ಲೆಕ್ಕವಿಲ್ಲದೆ ಆ ಪಟ್ಟಿ ಮಾತ್ರ ಆಗುತ್ತಿರಲಿಲ್ಲ.

ಮಳವಳ್ಳಿ ಸೀಮೆಯು ಆಗ ಅಷ್ಟಗ್ರಾಮ ವಿಭಾಗಕ್ಕೆ ಸೇರಿದ್ದಿತು. ಕಾವೇರಿಯ ಈ ಭತ್ತದ ನಾಡಿನಲ್ಲಿ ರೈತನನ್ನು ಹೆಚ್ಚು ಕಾಡಿದುದು ‘ಬಟಾಯಿ’, ಎಂದರೆ ಬೆಳೆಯಲ್ಲಿಯೇ ಸರ್ಕಾರದ ಪಾಲು. ಅಧಿಕಾರಿ ಬಂದು ಪಾಲು ಮಾಡುವವರೆಗೆ ಕಣದ ರಾಶಿಯನ್ನು ಮುಟ್ಟುವಂತಿಲ್ಲ. ಅವನು ಬರುವುದು ತಡವಾದರೆ ಮಳೆಗೆ ನೆನೆಯುವುದು ರೈತನ ಅನ್ನ. ಬಟಾಯಿಯನ್ನು ಕ್ರಮೇಣ ಹಣದ ಕಂದಾಯವನ್ನಾಗಿ ಮಾರ್ಪಡಿಸಿ, ಬೆಳೆ ಕೈಗೆ ಬರುವ ಕಾಲಕ್ಕೆ ಕಂತುಗಳನ್ನು ಹೊಂದಿಸಲಾಯಿತು. ಸಾಯರು ಕಟ್ಟೆಗಳೂ ಎಷ್ಟೋ ಕಡಮೆಯಾದವು. ಇಷ್ಟೆಲ್ಲ ಬಿಟ್ಟುಕೊಟ್ಟರೂ ಸಂಸ್ಥಾನದ ಉತ್ಪತ್ತಿ ಕುಗ್ಗಲಿಲ್ಲ, ಏರಿತು. ಆ 769 ಬಾಬುಗಳಲ್ಲಿ ಬಹಳಷ್ಟು ಬೊಕ್ಕಸವನ್ನು ಸಾಕುತ್ತಿರಲಿಲ್ಲ, ವಸೂಲಿಗೆ ಬಂದವರನ್ನು ಸಾಕುತ್ತಿದ್ದವು ಎಂದೇ ನನ್ನ ಅಭಿಪ್ರಾಯ.

ಇಂದು ಬೆಂಗಳೂರಿನ ಕಚೇರಿಯಲ್ಲಿ ಗಣಕಯಂತ್ರದ ಮುಂದೆ ಕುಳಿತ ಹಿರಿಯ ತೆರಿಗೆ ವಿಶ್ಲೇಷಕನು ಕೇಳಿಕೊಳ್ಳಬೇಕಾದುದೂ ಅವೇ ಮೂರು ಪ್ರಶ್ನೆಗಳನ್ನು. ಪಟ್ಟಣಗಳ ಆಕ್ಟ್ರಾಯ್ ಕಟ್ಟೆಗಳು ನಮ್ಮ ರಾಜ್ಯದಲ್ಲಿ 1979ರಲ್ಲಿ ಹೋದವು. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದು ಗಡಿಯ ತಪಾಸಣಾ ಠಾಣೆಗಳೂ ಹೋದವು. ಅದಕ್ಕೆ ಬಹಳ ಮೊದಲೇ, 1963ರ ಫೆಬ್ರವರಿ 1ರಂದು, ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ ಕಾಯಿದೆ ಜಾರಿಗೆ ಬಂದಿತು. ಬೆಳಕವಾಡಿಯೂ ಸೇರಿದಂತೆ ಹಳೆಯ ಮೈಸೂರಿನ ಊರುಗಳ ಲೆಕ್ಕದ ಪುಸ್ತಕಗಳು ಶಾನುಭೋಗರ ಮನೆಯ ಪೆಟ್ಟಿಗೆಗಳಿಂದ ಹೊರಬಂದು, ಸಂಬಳದ ಗ್ರಾಮಲೆಕ್ಕಿಗರ ಕೈ ಸೇರತೊಡಗಿದವು.