ಪಂಪ್ ರೂಮಿನಿಂದ ಲ್ಯಾಪ್‌ಟಾಪಿಗೆ: ಕಲ್ಯಾಣದ ಗಾಡಿಗಳ ‘ಪಿಕಪ್’ ಚರಿತ್ರೆ

ಬಸವಕಲ್ಯಾಣ, ಹುಮನಾಬಾದ್ ಕಡೆ ದೊಡ್ಡ ಗಾಡಿ ಇಟ್ಟುಕೊಂಡ ಹುಡುಗರು ಚಹಾದ ಅಂಗಡಿ ಮುಂದೆ ಸೇರಿದರೆ ಈಗ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಪಿಕಪ್ ಹೆಚ್ಚು ಮಾಡಲು ಕೊರಿಯರ್‌ನಲ್ಲಿ ಬಾಕ್ಸ್ ತರಿಸೋದಾ? ಇಲ್ಲಾ ಹೈದರಾಬಾದಿಗೋ ಪುಣೆಗೋ ಹೋಗಿ ರೀಮ್ಯಾಪ್ ಮಾಡಿಸೋದಾ?’

ಕೇಳಲು ಇದು ಹೊಸ ಕಾಲದ ಪ್ರಶ್ನೆ. ಆದರೆ ನಮ್ಮ ಊರಿನ ಲಾರಿ ಮಾಲೀಕರು ಇದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ನಲವತ್ತು ವರ್ಷದ ಹಿಂದೆಯೇ ಕೇಳಿದ್ದರು. ಅವರಿಗೆ ಸಿಕ್ಕ ಉತ್ತರ ಇವತ್ತಿಗೂ ಹಳೆಯದಾಗಿಲ್ಲ. ಅದಕ್ಕೇ ಈ ಕತೆಯನ್ನು ಮೊದಲಿನಿಂದ ಹೇಳುತ್ತೇವೆ.

ಹೆದ್ದಾರಿ ಕಟ್ಟಿದ ಕಸುಬು

ಪುಣೆಯಿಂದ ಸೊಲ್ಲಾಪುರ, ಹೈದರಾಬಾದ್ ದಾಟಿ ಮಚಲೀಪಟ್ಟಣದವರೆಗೆ ಹೋಗುವ ರಸ್ತೆಗೆ ಮೊದಲು ರಾಷ್ಟ್ರೀಯ ಹೆದ್ದಾರಿ 9 ಎಂಬ ಹೆಸರಿತ್ತು. ಈಗ ಅದು 65. ಬಸವಕಲ್ಯಾಣದವರು ಈ ರಸ್ತೆಯನ್ನು ಸಸ್ತಾಪುರ ಬಂಗ್ಲಾ ಹತ್ತಿರ ಹಿಡಿಯುತ್ತಾರೆ. ಹುಮನಾಬಾದಿನಲ್ಲಿ ಬೀದರ್–ಕಲಬುರಗಿ ರಸ್ತೆ ಬಂದು ಇದನ್ನು ಕೂಡುತ್ತದೆ. ಚಾಲುಕ್ಯರ ರಾಜಧಾನಿ, ಶರಣರ ಕಲ್ಯಾಣ ಎಂದು ಪುಸ್ತಕದಲ್ಲಿ ಓದುವ ಊರು, ನಿತ್ಯದ ಬದುಕಿನಲ್ಲಿ ಲಾರಿಗಳ ಊರೂ ಆಯಿತು. ಬಾಡಿ ಕಟ್ಟುವವರು, ಕಮಾನು ಪಟ್ಟಿ ಕೂಡಿಸುವವರು, ಇಂಜಿನ್ ಬಿಚ್ಚುವ ಮಿಸ್ತ್ರಿಗಳು ರಸ್ತೆಯ ಜೊತೆಗೇ ಬೆಳೆದರು.

ಆ ಕಾಲದ ಲಾರಿಯ ಜೀವ ಇದ್ದದ್ದು ಡೀಸೆಲ್ ಪಂಪಿನಲ್ಲಿ. ಜರ್ಮನಿಯ ಬಾಷ್ ಕಂಪನಿ ಇಂಥ ಪಂಪನ್ನು 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಲು ಶುರು ಮಾಡಿತು. ನಮ್ಮಲ್ಲಿ ಅದರ ಸಹಯೋಗದಲ್ಲಿ 1951ರಲ್ಲಿ ಮೈಕೋ ಕಂಪನಿ ಹುಟ್ಟಿತು, ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಬೆಳೆಯಿತು. 2008ರಲ್ಲಿ ಮೈಕೋ ಎಂಬ ಹೆಸರು ಹೋಗಿ ಬಾಷ್ ಎಂದಾಯಿತು. ಆದರೂ ಹಳೇ ಡ್ರೈವರುಗಳ ಬಾಯಲ್ಲಿ ಅದು ಇವತ್ತಿಗೂ ‘ಮೈಕೋ ಪಂಪು’.

ಇಂಜಿನ್‌ಗೆ ಯಾವ ಹೊತ್ತಿನಲ್ಲಿ ಎಷ್ಟು ಡೀಸೆಲ್ ಹೋಗಬೇಕು ಎಂದು ತೀರ್ಮಾನಿಸುವುದು ಈ ಪಂಪು. ಅದಕ್ಕೊಂದು ಗವರ್ನರ್, ಹೆಚ್ಚೆಂದರೆ ಇಷ್ಟೇ ಡೀಸೆಲ್ ಎಂದು ಗಡಿ ಹಾಕುವ ಸ್ಕ್ರೂ, ಅದನ್ನು ಯಾರೂ ಮುಟ್ಟಬಾರದೆಂದು ಒಂದು ಸೀಲ್.

ಸೀಲ್ ಕಿತ್ತವರು, ಬೆಂಚಿಗೆ ಏರಿಸಿದವರು

ಲೋಡು ಎಳೆಯುತ್ತಿಲ್ಲ ಎಂದು ಬಂದ ಲಾರಿಗೆ ಎರಡು ದಾರಿ ಇದ್ದವು.

ಮೊದಲನೆಯದು ರಸ್ತೆ ಬದಿಯ ದಾರಿ. ಸೀಲ್ ಕಿತ್ತು ಸ್ಕ್ರೂ ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಲಾರಿ ಜೋರಾಗಿ ಎಳೆಯುತ್ತಿತ್ತು, ಹಿಂದೆ ಕರಿ ಹೊಗೆ ಏಳುತ್ತಿತ್ತು. ಹೊಗೆ ಬಂದರೆ ಪವರ್ ಬಂತು ಎಂದು ಡ್ರೈವರ್ ಖುಷಿಪಡುತ್ತಿದ್ದ. ನಿಜದಲ್ಲಿ ಆ ಹೊಗೆ ಪೂರ್ತಿ ಉರಿಯದೆ ಹೊರಬಿದ್ದ ಡೀಸೆಲ್, ಅಂದರೆ ಮಾಲೀಕನ ರೊಕ್ಕ. ಗಾಳಿ ಮೊದಲಿನಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಾದರೆ ಒಳಗಿನ ಕಾವು ಏರುತ್ತದೆ. ಮುಂದೆ ವಾಲ್ವು, ಪಿಸ್ಟನ್, ಹೆಡ್ ಗ್ಯಾಸ್ಕೆಟ್‌ಗೆ ಕುತ್ತು.

ಎರಡನೆಯದು ಪಂಪ್ ರೂಮಿನ ದಾರಿ. ಪಂಪನ್ನು ಬಿಚ್ಚಿ, ಟೆಸ್ಟ್ ಬೆಂಚಿಗೆ ಏರಿಸಿ, ಇಷ್ಟು ವೇಗದಲ್ಲಿ ಸಾವಿರ ಹೊಡೆತಕ್ಕೆ ಪ್ರತಿ ಲೈನಿನಿಂದ ಎಷ್ಟು ಡೀಸೆಲ್ ಬೀಳುತ್ತದೆ ಎಂದು ಗಾಜಿನ ನಳಿಕೆಯಲ್ಲಿ ಅಳೆಯುವುದು. ಆರು ನಳಿಕೆಯಲ್ಲೂ ಸಮನಾಗಿ ಬೀಳಬೇಕು. ಅಳತೆ ಎಷ್ಟಿರಬೇಕು ಎಂದು ಕಂಪನಿಯ ಪಟ್ಟಿಯೇ ಹೇಳುತ್ತಿತ್ತು. ಒಳ್ಳೆಯ ಉಸ್ತಾದ್ ಪಟ್ಟಿ ನೋಡುವ ಮೊದಲು ಮಾಲೀಕನನ್ನು ಕೇಳುತ್ತಿದ್ದ: ‘ಯಾವ ಲೋಡು? ಘಾಟ್ ಇದೆಯಾ? ಇಂಜಿನ್ ಎಷ್ಟು ಹಳೇದು?’ ಕೆಲವೊಮ್ಮೆ, ‘ಪಂಪು ಸರಿ ಇದೆ, ನಾಜಲ್ ಹೋಗಿದೆ’ ಎಂದು ಹೇಳಿ ಪಂಪ್ ಮುಟ್ಟದೆಯೇ ಕಳಿಸುತ್ತಿದ್ದ.

ಈ ವ್ಯತ್ಯಾಸ ನೆನಪಿಡಿ. ಮುಂದಿನ ಕತೆ ಪೂರ್ತಿ ಇದರ ಮೇಲೇ ನಿಂತಿದೆ.

ಸ್ಕ್ರೂ ಹೋಗಿ ಸಾಫ್ಟ್‌ವೇರ್ ಬಂತು

1997ರಲ್ಲಿ ಯುರೋಪಿನ ಕಾರುಗಳಿಗೆ ಕಾಮನ್ ರೈಲ್ ಡೀಸೆಲ್ ಬಂತು. ಒಂದೇ ಗಟ್ಟಿ ಕೊಳವೆಯಲ್ಲಿ 1350 ಬಾರ್ ಒತ್ತಡದಲ್ಲಿ ಡೀಸೆಲ್ ಕಾದು ನಿಂತಿರುತ್ತದೆ. ನಿಮ್ಮ ಕಾರಿನ ಟೈರಿನ ಹವಾ ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದಕ್ಕೆ ಹೋಲಿಸಿ ನೋಡಿ. ಯಾವ ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕು ಎಂದು ಈಗ ಹೇಳುವುದು ಇಸಿಯು ಎಂಬ ಕಂಪ್ಯೂಟರ್.

ನಮ್ಮಲ್ಲಿ ಸ್ಕಾರ್ಪಿಯೊ 2002ರಲ್ಲಿ ಬಂತು, ಅದರ ಕಾಮನ್ ರೈಲ್ ಇಂಜಿನ್ 2005ರಲ್ಲಿ. ಅದೇ 2005ರಲ್ಲಿ ಇನ್ನೋವಾ ಕೂಡ ಬಂತು. ಹೊಗೆಯ ನಿಯಮ ಬಿಗಿಯಾದಂತೆ, 2017ರ ಏಪ್ರಿಲ್‌ನಲ್ಲಿ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಇಡೀ ದೇಶಕ್ಕೆ ಬಂದವು. ಪಂಪ್ ರೂಮಿನ ಬೆಂಚಿಗೆ ಕೆಲಸ ಕಡಿಮೆಯಾಯಿತು. ತಿರುಗಿಸಲು ಸ್ಕ್ರೂ ಇಲ್ಲದ ಗಾಡಿ ಎದುರಿಗೆ ನಿಂತಾಗ, ಕಿವಿಯಿಂದಲೇ ಇಂಜಿನ್ ಓದುತ್ತಿದ್ದ ಮಿಸ್ತ್ರಿ ಮೊದಲ ಸಲ ‘ಸ್ಕ್ಯಾನರ್ ಬೇಕು’ ಎಂದ.

ಇಸಿಯು ಒಳಗಿನ ಲೆಕ್ಕದ ಪಟ್ಟಿಗೆ ಮ್ಯಾಪ್ ಎನ್ನುತ್ತಾರೆ. ಅದನ್ನು ಬದಲಿಸುವ ವ್ಯಾಪಾರವೂ ಹಳೆಯದೇ. 1980ರ ದಶಕದಲ್ಲೇ ಅಮೆರಿಕದಲ್ಲಿ ಬದಲಿ ಚಿಪ್‌ಗಳನ್ನು ಅಂಚೆಯಲ್ಲಿ ತರಿಸಿ ಕೂಡಿಸುತ್ತಿದ್ದರು. ಈಗ ನಮ್ಮ ಮುಂದಿರುವುದು ಮೂರು ಬಗೆ.

ಒಂದು, ಬಾಕ್ಸ್. ಬೆಂಗಳೂರಿನಲ್ಲೇ ತಯಾರಾಗುವ ಡೀಸೆಲ್‌ಟ್ರಾನಿಕ್‌ನಂಥವು ಈ ಜಾತಿಗೆ ಸೇರಿದವು. ಸಾಮಾನ್ಯವಾಗಿ ಇಂಥ ಬಾಕ್ಸ್ ಸೆನ್ಸರ್ ಮತ್ತು ಇಸಿಯು ನಡುವೆ ಕೂರುತ್ತದೆ. ಒತ್ತಡ ಇದ್ದದ್ದಕ್ಕಿಂತ ಕಡಿಮೆ ಇದೆ ಎಂದು ಇಸಿಯುಗೆ ತೋರಿಸುತ್ತದೆ. ಇಸಿಯು ಒತ್ತಡ ಏರಿಸುತ್ತದೆ, ಡೀಸೆಲ್ ಹೆಚ್ಚು ಹೋಗುತ್ತದೆ. ಬೇಡವೆಂದರೆ ಬಿಚ್ಚಿಡಬಹುದು.

ಎರಡು, ಅಂಚೆ ಮ್ಯಾಪ್. ಒಂದು ಸಾಧನದಿಂದ ನಿಮ್ಮ ಇಸಿಯು ಫೈಲ್ ಓದಿ ಕಳಿಸುತ್ತೀರಿ, ದೂರದಲ್ಲಿ ಯಾರೋ ತಿದ್ದಿ ವಾಪಸ್ ಕಳಿಸುತ್ತಾರೆ. ನಿಮ್ಮ ಗಾಡಿಯನ್ನು ಅವರು ನೋಡಿರುವುದಿಲ್ಲ.

ಮೂರು, ಖುದ್ದು ಟ್ಯೂನ್. ಗಾಡಿಯನ್ನು ಡೈನೊ ಎಂಬ ರೋಲರ್ ಯಂತ್ರದ ಮೇಲೆ ಓಡಿಸಿ, ಟರ್ಬೊ ಒತ್ತಡ, ಕಾವು, ಹೊಗೆ ನೋಡುತ್ತ ಹಂತ ಹಂತವಾಗಿ ಮ್ಯಾಪ್ ತಿದ್ದುವುದು.

ಈಗ ಪಂಪ್ ರೂಮನ್ನು ನೆನಪಿಸಿಕೊಳ್ಳಿ. ಮೂರನೆಯದು ಟೆಸ್ಟ್ ಬೆಂಚು, ಉಸ್ತಾದ್ ಎದುರಿಗೇ ಇದ್ದಾನೆ. ಎರಡನೆಯದು ಕಂಪನಿ ಪಟ್ಟಿಯಂತೆ: ಎಲ್ಲ ಇಂಜಿನ್ ಹೊಸದು, ಎಲ್ಲವೂ ಒಂದೇ ಎಂದುಕೊಂಡ ಲೆಕ್ಕ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿ, ಇಂಜೆಕ್ಟರ್ ಸವೆದ ನಿಮ್ಮ ಗಾಡಿ ಆ ಲೆಕ್ಕದಲ್ಲಿಲ್ಲ. ಮೊದಲನೆಯದು ಸೀಲ್ ಕೀಳದೆ ಸ್ಕ್ರೂ ತಿರುಗಿಸಿದಂತೆ. ಒಳ್ಳೆಯ ಬಾಕ್ಸ್ ಮಿತಿಯೊಳಗೆ ತಿರುಗಿಸುತ್ತದೆ, ಅಗ್ಗದ್ದಕ್ಕೆ ಮಿತಿ ಎಂಬುದೇ ಗೊತ್ತಿರುವುದಿಲ್ಲ.

ಖುದ್ದು ಟ್ಯೂನ್ ಒಳ್ಳೆಯದು ಎಂದು ಹೇಳುವುದು ಸುಲಭ. ಆದರೆ ಬಸವಕಲ್ಯಾಣದಿಂದ ಹೈದರಾಬಾದ್ ಸುಮಾರು 175 ಕಿಲೋಮೀಟರ್, ಬೆಂಗಳೂರು 600ಕ್ಕೂ ಹೆಚ್ಚು. ಹೋಗಿ ಬರುವ ಡೀಸೆಲ್, ಒಂದು ದಿನದ ಬಾಡಿಗೆ ನಷ್ಟ, ಏನಾದರೂ ತೊಂದರೆಯಾದರೆ ಮತ್ತೆ ಹೋಗುವುದು. ನಮ್ಮ ಕಡೆಯವರು ಕೊರಿಯರ್ ನೆಚ್ಚಿಕೊಳ್ಳುವುದು ತಿಳಿವಳಿಕೆ ಇಲ್ಲದೆ ಅಲ್ಲ, ದೂರದ ಕಾರಣಕ್ಕೆ.

ಕಾಗದ ಏನು ಹೇಳುತ್ತದೆ

ಹೊಗೆ ಕಣ್ಣಿಗೆ ಕಾಣದಿದ್ದರೂ ಸಾಫ್ಟ್‌ವೇರ್ ಏನೆಲ್ಲ ಮಾಡಬಲ್ಲದು ಎಂಬುದು ಜಗತ್ತಿಗೆ 2015ರಲ್ಲಿ ತಿಳಿಯಿತು. ಪರೀಕ್ಷೆಯ ಹೊತ್ತಿಗೆ ಮಾತ್ರ ಶುದ್ಧವಾಗಿ ಓಡುವಂತೆ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಸಾಫ್ಟ್‌ವೇರ್ ಬರೆದದ್ದು ಆಗ ಬಯಲಾಯಿತು. ಅಷ್ಟು ದೊಡ್ಡ ಕಂಪನಿಯೇ ಉತ್ತರ ಕೊಡಬೇಕಾಯಿತು.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಟ್ಯೂನ್ ಮಾಡಿದವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಆರ್‌ಸಿಯಲ್ಲಿ ಇರುವುದು ನಿಮ್ಮ ಹೆಸರು. ವಾರಂಟಿ ನಿಂತರೆ, ವಿಮೆಯವರು ತಕರಾರು ತೆಗೆದರೆ ಸಾಲದ ಕಂತು ಕಟ್ಟುವವರೂ ನೀವೇ.

ನಮ್ಮ ಬಳಗದ ಒಬ್ಬರ ಮನೆಯಲ್ಲಿ ಇದು ನಡೆಯಿತು. ಮದುವೆ ಸೀಜನ್‌ಗೆ ಮೊದಲು ಅಗ್ಗದ ಬಾಕ್ಸ್ ಬಂತು. ಒಂದು ತಿಂಗಳು ಗಾಡಿ ಹಾರಿತು. ಆಮೇಲೆ ಚೆಕ್ ಇಂಜಿನ್ ದೀಪ ಹತ್ತಿತು, ಏರಿನಲ್ಲಿ ಗಾಡಿ ತಾನೇ ಸೋತು ನಿಂತಿತು. ಒಳಗೆ ದಿಬ್ಬಣದ ಜನ, ಮಕ್ಕಳು. ಯಾರಿಗೂ ಏನೂ ಆಗಲಿಲ್ಲ. ಮಾರಿದವನ ಫೋನು ಮಾತ್ರ ಆಮೇಲೆ ಹತ್ತಲಿಲ್ಲ. ಕೊನೆಗೆ ಹಳೇ ಮಿಸ್ತ್ರಿಯೊಬ್ಬರು ಬಾಕ್ಸ್ ಬಿಚ್ಚಿ, ಏರ್ ಫಿಲ್ಟರ್ ಬದಲಿಸಿ, ಟರ್ಬೊದ ಸಡಿಲ ಪೈಪು ಬಿಗಿದರು. ಪಿಕಪ್ ಅಷ್ಟರಿಂದಲೇ ಬಂತು.

ಹಾಗಾದರೆ ಯಾವುದನ್ನು ಆರಿಸುವುದು? ಮೊದಲು ಗಾಡಿಯ ಫಿಲ್ಟರ್, ಇಂಜೆಕ್ಟರ್, ಟರ್ಬೊ ಪೈಪು ಪರೀಕ್ಷೆ ಮಾಡಿಸಿ. ಕುಂದಿದ ಪಿಕಪ್ ಬಹಳ ಸಲ ಅಲ್ಲೇ ಸಿಗುತ್ತದೆ. ವಾರಂಟಿ ಇರುವ ಗಾಡಿ, ಬಾಡಿಗೆಗೆ ಓಡುವ ಗಾಡಿ, ಬಿಎಸ್-6 ಗಾಡಿ ಇದ್ದರೆ ಮುಟ್ಟಬೇಡಿ ಎಂಬುದೇ ನಮ್ಮ ಮಾತು. ಇಷ್ಟಾದ ಮೇಲೂ ಟ್ಯೂನ್ ಮಾಡುತ್ತೇನೆ ಎನ್ನುವವರನ್ನು ಮೂರು ಪ್ರಶ್ನೆ ಕೇಳಿ: ನನ್ನ ಗಾಡಿ ನೋಡಿದ್ದೀರಾ? ಮೊದಲಿನ ಫೈಲ್ ವಾಪಸ್ ಹಾಕಿಕೊಡುತ್ತೀರಾ? ಕೆಟ್ಟರೆ ಯಾರ ಬಳಿ ಬರಬೇಕು?

ಪಂಪ್ ರೂಮಿನ ಉಸ್ತಾದ್‌ಗೆ ಈ ಮೂರಕ್ಕೂ ಉತ್ತರ ಇತ್ತು. ಅಂಗಡಿ ರಸ್ತೆ ಬದಿಯಲ್ಲೇ ಇತ್ತು, ಮರುದಿನ ಮಾಲೀಕ ಬಂದು ಎದುರಿಗೆ ನಿಲ್ಲುತ್ತಾನೆಂದು ಅವನಿಗೆ ಗೊತ್ತಿತ್ತು. ಆ ಉಸ್ತಾದರ ಮಕ್ಕಳು ಈಗ ಆಟೋನಗರದಲ್ಲಿ ಸ್ಕ್ಯಾನರ್ ಹಿಡಿಯಲು ಕಲಿಯುತ್ತಿದ್ದಾರೆ. ಅವರ ಕೈಗೆ ಒಳ್ಳೆಯ ತರಬೇತಿ, ಒಂದು ಡೈನೊ ಸಿಕ್ಕರೆ ಕೊರಿಯರ್ ದಾರಿ ಕಾಯುವ ಪ್ರಮೇಯ ಕಲ್ಯಾಣಕ್ಕೆ ಬರುವುದಿಲ್ಲ.